ಫೆಸೆಂಟ್ ಶಿಕಾರಿಗೆ ಯಾವ ಚೋಕ್, ಎಷ್ಟನೇ ನಂಬರ್ ಚರೆ? ಕೇಳಿ ಕೇಳಿ ತಲೆ ಕೆಟ್ಟಿದೆ

ಹಾಸನದ_ಹೈದ
ಎಲ್ಲರಿಗೂ ನಮಸ್ಕಾರ. ನಾನು ಇರುವುದು ಸೌತ್ ಡಕೋಟಾದ ಸೂ ಫಾಲ್ಸ್‌ನಲ್ಲಿ. ಹೋದ ವರ್ಷ ಆಫೀಸಿನ ಗೆಳೆಯನೊಬ್ಬ ಅವನ ಮಾವನ ಜಮೀನಿಗೆ ಫೆಸೆಂಟ್ (ಉದ್ದ ಬಾಲದ, ಕಾಡುಕೋಳಿಯಂಥ ಹಕ್ಕಿ) ಶಿಕಾರಿಗೆ ಕರೆದುಕೊಂಡು ಹೋಗಿದ್ದ. ಕೋವಿ ಅವನದೇ, ತೋಟಾವೂ ಅವನದೇ. ಎರಡು ದಿನದಲ್ಲಿ 23 ತೋಟಾ ಸುಟ್ಟೆ. ಬಿದ್ದದ್ದು ಒಂದೇ ಹಕ್ಕಿ. ಅದೂ ನನ್ನ ಈಡಿಗೆ ಬಿತ್ತೋ, ಪಕ್ಕದವನ ಈಡಿಗೆ ಬಿತ್ತೋ ಇನ್ನೂ ತೀರ್ಮಾನ ಆಗಿಲ್ಲ.

ಈ ಸಲ ಸ್ವಂತ ಕೋವಿ ತಗೊಂಡೆ. ಸೆಕೆಂಡ್ ಹ್ಯಾಂಡ್ 12 ಬೋರ್, ಒಂದರ ಮೇಲೊಂದು ಜೋಡಿ ನಳಿಗೆ. ನಳಿಗೆಯ ಬಾಯಲ್ಲಿ ಎರಡು ಚೋಕ್ ಟ್ಯೂಬ್ ಹಾಕಿಯೇ ಇದೆ. ಡಬ್ಬಿಯಲ್ಲಿ ಇನ್ನೂ ಮೂರು ಕೊಟ್ಟರು. ಡಬ್ಬಿಯ ಚೀಟಿ ಹರಿದುಹೋಗಿದೆ. ಟ್ಯೂಬಿನ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು ಕಾಣುತ್ತವೆ, ಅಷ್ಟೇ.

ಅಂಗಡಿಯವನು 4ನೇ ನಂಬರ್ ಚರೆ (ತೋಟಾದೊಳಗಿನ ಸಣ್ಣ ಗುಂಡು) ಅನ್ನುತ್ತಾನೆ. ಗೆಳೆಯ 6 ಅನ್ನುತ್ತಾನೆ. ಯೂಟ್ಯೂಬಿನವರು ಟಂಗ್‌ಸ್ಟನ್ ಇಲ್ಲದಿದ್ದರೆ ಮನೆಯಲ್ಲೇ ಇರಿ ಅನ್ನುತ್ತಾರೆ. ಅಕ್ಟೋಬರ್ ಮೂರನೇ ಶನಿವಾರ ಸೀಸನ್ ಶುರು. ಅರ್ಧ ದಿನ ಗೆಳೆಯನ ಮಾವನ ಜಮೀನು, ಉಳಿದದ್ದು ಸರ್ಕಾರಿ ಜಾಗ. ಏನು ಹಾಕಲಿ? ದಯವಿಟ್ಟು ಹೇಳಿ.

ಅಯೋವಾ_ಗೌಡ
ಕೆಳಗಿನ ನಳಿಗೆಗೆ ಇಂಪ್ರೂವ್ಡ್ ಸಿಲಿಂಡರ್, ಮೇಲಿನದಕ್ಕೆ ಮಾಡಿಫೈಡ್. ಸೀಸದ 5ನೇ ನಂಬರ್, ಒಂದೂಕಾಲು ಔನ್ಸ್. ಮುಗೀತು. ಚರ್ಚೆ ಮುಚ್ಚಬಹುದು.

ಪೊನ್ನಂಪೇಟೆ_ಕಾಫಿ
ಯಾಕೆ ಮುಚ್ಚಬೇಕು? ನಾನು ಹೇಳುವುದು ಕೇಳಿ. ಎರಡಕ್ಕೂ ಫುಲ್ ಚೋಕ್. ನಮ್ಮ ಮನೆಯ ಹಳೇ ಇಂಗ್ಲಿಷ್ ಜೋಡಿ ನಳಿಗೆಯಲ್ಲಿ ಎಡದ್ದು ಫುಲ್. ಕೈಲ್ ಪೊಳ್ದ್‌ನಲ್ಲಿ (ಕೊಡಗಿನ ಆಯುಧ ಪೂಜೆಯ ಹಬ್ಬ) ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಹೊಡೆದರೆ ಕಾಯಿ ಪುಡಿ. ಚರೆ ಚದುರಬಾರದು. ಚದುರಿದರೆ ಹಕ್ಕಿಗೆ ಪೆಟ್ಟಾಗುತ್ತದೆ, ಬೀಳುವುದಿಲ್ಲ. ಗಾಯ ಮಾಡಿ ಬಿಡುವುದು ಶಿಕಾರಿ ಅಲ್ಲ.

ಅಯೋವಾ_ಗೌಡ
ತೆಂಗಿನಕಾಯಿ ಹಾರುವುದಿಲ್ಲ ಅಣ್ಣ.

ಪೊನ್ನಂಪೇಟೆ_ಕಾಫಿ
ನಿಮ್ಮ ಕೈ ಅಲುಗಿದರೆ ಅದೂ ಹಾರಿದ ಹಾಗೆಯೇ ಕಾಣುತ್ತದೆ.

ತೀರ್ಥಹಳ್ಳಿ_ಟು_ಮಿನಿಯಾಪೊಲಿಸ್
ಜಗಳ ಆಮೇಲೆ ಮಾಡಿ. ಕೇಳಿದವರಿಗೆ ಮೊದಲು ಚೋಕ್ ಅಂದರೆ ಏನು ಅಂತ ಗೊತ್ತಾಗಲಿ.

ನಮ್ಮ ಕಡೆ ಅಡಿಕೆಗೆ ಬೋರ್ಡೋ ಹೊಡೆಯುವುದನ್ನು ನೋಡಿದ್ದೀರಲ್ಲ? ಎತ್ತರದ ಮರದ ಗೊನೆಗೆ ಹೊಡೆಯಬೇಕಾದರೆ ನಾಜಲ್ ಬಿಗಿ ಮಾಡಿ ಧಾರೆ ಬಿಡುತ್ತಾರೆ. ಗಿಡ್ಡ ಮರಕ್ಕೆ ಸಡಿಲ ಮಾಡಿ ಮಂಜಿನ ಹಾಗೆ ಬಿಡುತ್ತಾರೆ. ಗಿಡ್ಡ ಮರಕ್ಕೆ ಧಾರೆ ಬಿಟ್ಟರೆ ಒಂದೇ ಕಾಯಿ ನೆನೆಯುತ್ತದೆ, ಉಳಿದ ಗೊನೆಗೆ ಕೊಳೆ ರೋಗ. ಚೋಕ್ ಕೂಡ ಇಷ್ಟೇ. 12 ಬೋರಿನ ನಳಿಗೆಯ ಒಳಗಲ ಸುಮಾರು 0.729 ಇಂಚು. ಬಾಯಿಯ ಹತ್ತಿರ ಅದನ್ನು ಕೂದಲೆಳೆಯಷ್ಟು ಕಿರಿದು ಮಾಡಿರುತ್ತಾರೆ. ಇಂಪ್ರೂವ್ಡ್ ಸಿಲಿಂಡರ್ ಅಂದರೆ 0.010 ಇಂಚು ಕಿರಿದು. ಮಾಡಿಫೈಡ್ 0.020. ಫುಲ್ 0.035ರ ಆಸುಪಾಸು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಮ್ಮಿ.

ಹಳೆಯ ಲೆಕ್ಕ ಹೀಗಿದೆ: 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಎಷ್ಟು ಚರೆ ಬೀಳುತ್ತದೆ? ಏನೂ ಕಿರಿದು ಮಾಡದ ಸಿಲಿಂಡರ್ ನಳಿಗೆಯಲ್ಲಿ ನೂರಕ್ಕೆ 40. ಇಂಪ್ರೂವ್ಡ್ ಸಿಲಿಂಡರಿನಲ್ಲಿ 50, ಮಾಡಿಫೈಡ್ 60, ಫುಲ್ 70.

ಈಗ ನಿಮ್ಮನ್ನೇ ಕೇಳಿಕೊಳ್ಳಿ. ನಿಮ್ಮ ಹಕ್ಕಿ ಎಷ್ಟು ದೂರದಲ್ಲಿ ಏಳುತ್ತದೆ? ನಾಯಿಯ ಮುಂದೆ ಎದ್ದರೆ 15, 20 ಗಜ. ನೀವು ಕೋವಿ ಎತ್ತಿ ಕುದುರೆ (ಟ್ರಿಗರ್) ಒತ್ತುವಷ್ಟರಲ್ಲಿ 25, 30. ಅಲ್ಲಿಗೆ ಫುಲ್ ಚೋಕ್ ಹಾಕಿದರೆ ಒಂದೋ ತಪ್ಪುತ್ತದೆ, ಇಲ್ಲವೇ ಮಾಂಸ ಕೀಮಾ ಆಗುತ್ತದೆ.

ಅಯೋವಾ_ಗೌಡ
ನಾನು ಒಂದು ಸಾಲಿನಲ್ಲಿ ಹೇಳಿದ್ದನ್ನು ಇವರು ಅಡಿಕೆ ತೋಟ ಸುತ್ತಿಸಿ ಹೇಳಿದರು. ಉತ್ತರ ಒಂದೇ.

ಹಾಸನದ_ಹೈದ
ಆ ಕಚ್ಚುಗಳ ಅರ್ಥ ಏನು?

ರಾಗಿಮುದ್ದೆ_20ಬೋರ್
ಕಚ್ಚು ಕಡಿಮೆ ಇದ್ದಷ್ಟೂ ಬಿಗಿ. ಸಾಮಾನ್ಯವಾಗಿ ಒಂದು ಕಚ್ಚು ಅಂದರೆ ಫುಲ್. ಎರಡು ಇಂಪ್ರೂವ್ಡ್ ಮಾಡಿಫೈಡ್, ಮೂರು ಮಾಡಿಫೈಡ್, ನಾಲ್ಕು ಇಂಪ್ರೂವ್ಡ್ ಸಿಲಿಂಡರ್, ಐದು ಸಿಲಿಂಡರ್ ಅಥವಾ ಸ್ಕೀಟ್. ಈಗ ನಳಿಗೆಯಲ್ಲಿ ಇರುವ ಎರಡಕ್ಕೆ ಎಷ್ಟಿದೆ ನೋಡಿ ಹೇಳಿ. ತೋಟಾ ಇಲ್ಲ ಅಂತ ಕೋವಿಯನ್ನು ಮಧ್ಯಕ್ಕೆ ಬಾಗಿಸಿ ತೆರೆದು ಎರಡು ಸಲ ನೋಡಿ. ಆಮೇಲೆ ಬಾಯಿ ಕಡೆ ಕಣ್ಣು ಹಾಕಿ.

ಹಾಸನದ_ಹೈದ
ನೋಡಿದೆ ಅಣ್ಣ. ಎರಡಕ್ಕೂ ಒಂದೊಂದೇ ಕಚ್ಚು! ಡಬ್ಬಿಯಲ್ಲಿ ಇರುವವಕ್ಕೆ ಮೂರು, ನಾಲ್ಕು, ಐದು.

ರಾಗಿಮುದ್ದೆ_20ಬೋರ್
ಅಣ್ಣ ಅಲ್ಲ, ಅಕ್ಕ. ಮೊದಲಿನ ಯಜಮಾನ ಟ್ರ್ಯಾಪ್ (ಹಾರಿಸಿದ ಮಣ್ಣಿನ ತಟ್ಟೆಗೆ ಹೊಡೆಯುವ ಆಟ) ಹೊಡೆಯುತ್ತಿದ್ದವನು ಇರಬೇಕು. ದೂರದ ಮಣ್ಣಿನ ತಟ್ಟೆಗೆ ಫುಲ್ ಸರಿ. ಎರಡನ್ನೂ ಬಿಚ್ಚಿ ಎತ್ತಿಡಿ. ಎಳೆಗೆ ಒಂದು ತೊಟ್ಟು ಎಣ್ಣೆ ಹಾಕಿ ನಾಲ್ಕು ಕಚ್ಚಿನದು ಕೆಳಗೆ, ಮೂರು ಕಚ್ಚಿನದು ಮೇಲೆ ಹಾಕಿ. ಟ್ಯೂಬ್ ಇಲ್ಲದೆ ಮಾತ್ರ ಯಾವತ್ತೂ ಸುಡಬೇಡಿ, ಎಳೆ ಹಾಳಾಗುತ್ತದೆ.

ಹಾಸನದ_ಹೈದ
ಕ್ಷಮಿಸಿ ಅಕ್ಕ! ಆದರೆ ಕೆಳಗಿನದಕ್ಕೇ ಯಾಕೆ ಸಡಿಲ?

ರಾಗಿಮುದ್ದೆ_20ಬೋರ್
ಮೊದಲು ಸಿಡಿಯುವುದು ಸಾಮಾನ್ಯವಾಗಿ ಕೆಳಗಿನ ನಳಿಗೆ. ಆಗ ಹಕ್ಕಿ ಹತ್ತಿರ. ಎರಡನೆಯದಕ್ಕೆ ಬರುವಷ್ಟರಲ್ಲಿ ಹಕ್ಕಿ ಹತ್ತು ಗಜ ಮುಂದೆ ಹೋಗಿರುತ್ತದೆ. ಆಗ ಬಿಗಿ ಬೇಕು. ಜೋಡಿ ನಳಿಗೆಯ ಲಾಭ ಅದೇ, ಎರಡು ದೂರಕ್ಕೆ ಎರಡು ಚೋಕ್.

ಜಯನಗರ_4ನೇ_ಬ್ಲಾಕ್
ಸುಮ್ನೆ ಓದುತ್ತಿದ್ದೆ, ತಡೆಯಲಾಗಲಿಲ್ಲ. ಓದಿದವರು, ಒಳ್ಳೆ ಕೆಲಸದಲ್ಲಿ ಇರುವವರು, ಅಂಗಡಿಯಲ್ಲಿ ಕೋಳಿ ಸಿಗುವಾಗ ಹಾರುವ ಹಕ್ಕಿಯನ್ನು ಹೊಡೆದು ಉರುಳಿಸುವುದು ಯಾವ ಸಂತೋಷ? ನಮ್ಮಲ್ಲಿ 1972ರಲ್ಲೇ ವನ್ಯಜೀವಿ ರಕ್ಷಣೆಯ ಕಾನೂನು ಬಂತು. ಅಲ್ಲಿಗೆ ಹೋಗಿ ಶುರು ಮಾಡಬೇಕಾ?

ತೀರ್ಥಹಳ್ಳಿ_ಟು_ಮಿನಿಯಾಪೊಲಿಸ್
ನಿಮ್ಮ ಮಾತಿಗೆ ಗೌರವ ಇದೆ ಸಾರ್. ಊರಿನಲ್ಲಿ ಕಾಡುಕೋಳಿಗೆ ಕೋವಿ ಎತ್ತಿದರೆ ನಾನೂ ವಿರೋಧಿಸುತ್ತೇನೆ. ಆ ಕಾನೂನು ಬೇಕಿತ್ತು. ನವಿಲು, ಕಾಡುಕೋಳಿ ಎಲ್ಲ ಫೆಸೆಂಟ್ ಕುಟುಂಬದವೇ, ಅಲ್ಲಿ ಅವನ್ನು ಮುಟ್ಟಬಾರದು.

ಇಲ್ಲಿನ ಕಥೆ ಬೇರೆ. ಇದು ಅಮೆರಿಕದ ಹಕ್ಕಿಯೇ ಅಲ್ಲ. 1880ರ ದಶಕದಲ್ಲಿ ಚೀನಾದಿಂದ ಆರೆಗನ್‌ಗೆ ತಂದು ಬಿಟ್ಟದ್ದು. ಸೌತ್ ಡಕೋಟಾದಲ್ಲಿ ಮೊದಲ ಸೀಸನ್ 1919ರಲ್ಲಿ, ಸ್ಪಿಂಕ್ ಕೌಂಟಿಯಲ್ಲಿ, ಒಂದೇ ದಿನ. 1943ರಲ್ಲಿ ಅದನ್ನೇ ರಾಜ್ಯದ ಹಕ್ಕಿ ಮಾಡಿಕೊಂಡರು. ಹೊಡೆಯುವುದು ಹುಂಜ ಮಾತ್ರ. ಹೇಟೆ ಹೊಡೆದರೆ ದಂಡ. ಒಂದು ಹುಂಜಕ್ಕೆ ಹಲವು ಹೇಟೆ, ಹಾಗಾಗಿ ಕೆಲವು ಹುಂಜ ಹೋದರೆ ಮರಿಗಳ ಲೆಕ್ಕ ಕಡಿಮೆ ಆಗುವುದಿಲ್ಲ. ಈ ಹಕ್ಕಿಗೆ ನಿಜವಾದ ಶತ್ರು ಹುಲ್ಲುಗಾವಲು ಉತ್ತು ಮೆಕ್ಕೆಜೋಳ ಹಾಕುವುದು. ಕೋವಿ, ತೋಟಾದ ಮೇಲೆ 1937ರ ಕಾನೂನಿನಿಂದ 11% ತೆರಿಗೆ ಇದೆ. ಆ ಹಣ ಕಾಡುಪ್ರಾಣಿಗಳ ಕೆಲಸಕ್ಕೇ ಹೋಗುತ್ತದೆ.

ಜಯನಗರ_4ನೇ_ಬ್ಲಾಕ್
ತೆರಿಗೆ ಕಟ್ಟಿ ಹೊಡೆದರೆ ನೋವಾಗುವುದಿಲ್ಲವೇ?

ಪೊನ್ನಂಪೇಟೆ_ಕಾಫಿ
ಅಂಗಡಿಯ ಕೋಳಿಗೆ ಆಗುವುದಿಲ್ಲವೇ?

ಜಯನಗರ_4ನೇ_ಬ್ಲಾಕ್
ನಾನು ಅದನ್ನೂ ತಿನ್ನುವುದಿಲ್ಲ.

ಪೊನ್ನಂಪೇಟೆ_ಕಾಫಿ
ಹಾಗಾದರೆ ನೀವು ಹೇಳಿದ್ದು ಸರಿ. ತಿಂದುಕೊಂಡು ಹೇಳಿದ್ದರೆ ಬಿಡುತ್ತಿರಲಿಲ್ಲ.

ಹುಬ್ಬಳ್ಳಿ_ಮಿರ್ಚಿ
ಈ ವಿಷಯಕ್ಕೆ ಬೇರೆ ಚರ್ಚೆ ತೆರೆಯೋಣ, ಇಲ್ಲಿ ಚರೆಗೆ ಬರೋಣ. ನನ್ನದೊಂದು ಅನುಮಾನ. ಊರಲ್ಲಿ 6ನೇ ನಂಬರ್ ಅಂದರೆ ಒಂದು ಅಳತೆ. ಇಲ್ಲಿಯ 6 ಸ್ವಲ್ಪ ದಪ್ಪ ಅನ್ನಿಸಿತು. ನನ್ನ ಕಣ್ಣಿನ ದೋಷವೋ?

ತೀರ್ಥಹಳ್ಳಿ_ಟು_ಮಿನಿಯಾಪೊಲಿಸ್
ಕಣ್ಣು ಸರಿಯಾಗಿದೆ. ಊರಿನಲ್ಲಿ ಇಂಗ್ಲಿಷರ ಲೆಕ್ಕ, ದಪ್ಪ ಚರೆಯನ್ನು ಎಲ್‌ಜಿ, ಎಸ್‌ಜಿ ಅಂತ ಕರೆಯುವುದೂ ಅಲ್ಲಿಂದಲೇ ಬಂದದ್ದು. ಇಂಗ್ಲಿಷರ 6 ಅಂದರೆ 2.6 ಮಿಲಿಮೀಟರ್. ಅಮೆರಿಕದ 6 ಅಂದರೆ 2.8 ಹತ್ತಿರ. ಇಂಗ್ಲಿಷರ 5, ಇಲ್ಲಿಯ 6 ಹೆಚ್ಚುಕಡಿಮೆ ಒಂದೇ. ಇಂಗ್ಲೆಂಡಿನವರ ವಿಡಿಯೋ ನೋಡಿ ಇಲ್ಲಿ ತೋಟಾ ಕೊಳ್ಳುವವರು ಇಲ್ಲೇ ಎಡವುತ್ತಾರೆ.

ಅಮೆರಿಕದ ನಂಬರಿಗೆ ಒಂದು ಸುಲಭ ಲೆಕ್ಕ ಇದೆ. 17ರಲ್ಲಿ ಚರೆಯ ನಂಬರ್ ಕಳೆಯಿರಿ. ಉಳಿದದ್ದು ಇಂಚಿನ ನೂರನೇ ಭಾಗದಲ್ಲಿ ಅದರ ದಪ್ಪ. 6 ಅಂದರೆ 17ರಲ್ಲಿ 6 ಕಳೆದು 11, ಅಂದರೆ 0.11 ಇಂಚು. 4 ಅಂದರೆ 0.13. ನಂಬರ್ ಕಡಿಮೆ ಆದಷ್ಟೂ ಚರೆ ದಪ್ಪ.

ಹಾಸನದ_ಹೈದ
ಓಹೋ! ನಾನು ಇಷ್ಟು ದಿನ 6 ದೊಡ್ಡದು, 4 ಸಣ್ಣದು ಅಂದುಕೊಂಡಿದ್ದೆ. ಹೇಳಲು ನಾಚಿಕೆ ಆಗುತ್ತಿದೆ.

ಅಯೋವಾ_ಗೌಡ
ನಾಚಿಕೆ ಯಾಕೆ? ನಾನು ಮೊದಲ ವರ್ಷ 9ನೇ ನಂಬರ್ ಹಾಕಿ ಹುಂಜನ ಬೆನ್ನಿಗೆ ಹೊಡೆದೆ. ಪುಕ್ಕ ಉದುರಿತು. ಹುಂಜ ಬೈಯುತ್ತಾ ಹೋಯಿತು. ನಿಜವಾಗಿ ಬೈದ ಹಾಗೇ ಕೇಳುತ್ತದೆ ಅದರ ಕೂಗು.

ಲೆಕ್ಕ ಕೊಡುತ್ತೇನೆ. ಸೀಸದ 4ನೇ ನಂಬರ್ ಒಂದು ಔನ್ಸಿಗೆ ಸುಮಾರು 135 ಚರೆ. 5ನೇದು 170. 6ನೇದು 225. ಏಳೂವರೆ 350. ಒಂದೂಕಾಲು ಔನ್ಸಿನ ತೋಟಾದಲ್ಲಿ 5ನೇದು 210 ಚಿಲ್ಲರೆ ಬಂತು. 6 ಹಾಕಿದರೆ ಚರೆ ಜಾಸ್ತಿ, ಒಂದೊಂದರ ಪೆಟ್ಟು ಕಡಿಮೆ. 4 ಹಾಕಿದರೆ ಪೆಟ್ಟು ಜೋರು, ಆದರೆ ನಡುವೆ ಜಾಗ ಖಾಲಿ. 5 ಮಧ್ಯದ್ದು. ಅಕ್ಟೋಬರಿನಲ್ಲಿ ಹಕ್ಕಿ ಎಳೆಯದು, ಹತ್ತಿರ ಏಳುತ್ತದೆ, 6 ಸಾಕು. ಡಿಸೆಂಬರಿನಲ್ಲಿ ಪುಕ್ಕ ದಪ್ಪ, ಮೈಯಲ್ಲಿ ಕೊಬ್ಬು, ಕಾರಿನ ಬಾಗಿಲ ಸದ್ದಿಗೇ 40 ಗಜದಲ್ಲಿ ಎದ್ದು ಹೋಗುತ್ತದೆ. ಆಗ 4, ಜೊತೆಗೆ ಮಾಡಿಫೈಡ್.

ರಾಗಿಮುದ್ದೆ_20ಬೋರ್
ಎಲ್ಲರೂ ಸೀಸ ಸೀಸ ಅನ್ನುತ್ತಿದ್ದೀರಿ. ಅವರು ಸರ್ಕಾರಿ ಜಾಗ ಅಂತಲೂ ಬರೆದಿದ್ದಾರೆ, ಯಾರೂ ಓದಲಿಲ್ಲವಾ? ವಾಟರ್‌ಫೌಲ್ ಪ್ರೊಡಕ್ಷನ್ ಏರಿಯಾ (ನೀರುಹಕ್ಕಿಗಳ ಸಂತಾನಕ್ಕೆ ಕಾದಿಟ್ಟ ಜಾಗ) ಅಂತ ಬೋರ್ಡ್ ಇರುವಲ್ಲಿ ಸೀಸ ಹೊಡೆಯುವುದಿರಲಿ, ಜೇಬಿನಲ್ಲಿ ಇಟ್ಟುಕೊಂಡು ನಡೆದರೂ ತಪ್ಪು. ಬಾತುಕೋಳಿ ಶಿಕಾರಿಗೆ 1991ರಿಂದ ದೇಶಪೂರ್ತಿ ಸೀಸ ಇಲ್ಲ. ಕೆರೆಯಂಗಳದಲ್ಲಿ ಬಿದ್ದ ಚರೆಯನ್ನು ಬಾತು ಕಲ್ಲು ಅಂತ ನುಂಗಿ ಸಾಯುತ್ತಿದ್ದವು. ರಾಜ್ಯದ ಜಾಗಗಳಲ್ಲೂ ಬಹಳ ಕಡೆ ಇದೇ ನಿಯಮ. ಆ ವರ್ಷದ ಕೈಪಿಡಿ ನೋಡಿಕೊಳ್ಳಿ.

ನಾನು ಮಾಡುವುದು ಹೀಗೆ. ಅಂಗಿಯ ಜೇಬಿನಿಂದ ಹಿಡಿದು ಕಾರಿನ ಡಿಕ್ಕಿಯವರೆಗೆ ಒಂದೇ ಬಗೆ, ಸೀಸ ಅಲ್ಲದ್ದು. ಖಾಸಗಿ ಜಮೀನಿನಲ್ಲೂ ಅದೇ. ಗೊಂದಲವೇ ಇಲ್ಲ.

ಹಾಸನದ_ಹೈದ
ಸ್ಟೀಲ್ ಅಂದರೆ ಎಷ್ಟನೇ ನಂಬರ್ ಅಕ್ಕ? ಅದೇ 5ಏ?

ರಾಗಿಮುದ್ದೆ_20ಬೋರ್
ಅಲ್ಲ. ಸ್ಟೀಲ್ ಹಗುರ. ಸೀಸದ ಸಾಂದ್ರತೆ 11ರ ಮೇಲೆ, ಸ್ಟೀಲಿನದು 7.8 ಅಷ್ಟೇ. ಅದೇ ದಪ್ಪದ ಸ್ಟೀಲ್ ಚರೆ ಬೇಗ ಸುಸ್ತಾಗುತ್ತದೆ. ಹಾಗಾಗಿ ಎರಡು ನಂಬರ್ ದಪ್ಪ ಹಾಕಬೇಕು. ಸೀಸದ 6ರ ಬದಲು ಸ್ಟೀಲ್ 4. ಸೀಸದ 5ರ ಬದಲು ಸ್ಟೀಲ್ 3. ಸೀಸದ 4ರ ಬದಲು ಸ್ಟೀಲ್ 2. ನಿಮ್ಮ 12 ಬೋರಿಗೆ ಒಂದೂ ಎಂಟನೇ ಒಂದು ಔನ್ಸಿನ 3ನೇ ನಂಬರ್ ಸ್ಟೀಲ್ ತಗೊಳ್ಳಿ. ಸುಮಾರು 178 ಚರೆ ಇರುತ್ತದೆ.

ಚೋಕಿನ ವಿಷಯ ಇನ್ನೂ ಮುಖ್ಯ. ಸೀಸ ಮೆತ್ತಗಿನದು. ನಳಿಗೆಯೊಳಗೆ ಒಂದಕ್ಕೊಂದು ಒತ್ತಿ ಚಪ್ಪಟೆ ಆಗುತ್ತದೆ. ಚಪ್ಪಟೆಯಾದ ಚರೆ ಅಡ್ಡಾದಿಡ್ಡಿ ಹೋಗುತ್ತದೆ. ಸ್ಟೀಲ್ ಗುಂಡಗೇ ಉಳಿಯುತ್ತದೆ, ನೆಟ್ಟಗೆ ಹೋಗುತ್ತದೆ. ಅದಕ್ಕೇ ಇಂಪ್ರೂವ್ಡ್ ಸಿಲಿಂಡರಿನಲ್ಲಿ ಸ್ಟೀಲ್ ಹೊಡೆದರೆ ಮಾಡಿಫೈಡಿನಲ್ಲಿ ಸೀಸ ಹೊಡೆದ ಹಾಗೆ ಬೀಳುತ್ತದೆ. ಫುಲ್ ಚೋಕಿನಲ್ಲಿ ದಪ್ಪ ಸ್ಟೀಲ್ ಹಾಕಲೇಬಾರದು. ಟ್ಯೂಬ್ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಕೆಲವೊಮ್ಮೆ ನಳಿಗೆಯೇ ಹೋಗುತ್ತದೆ. ಟ್ಯೂಬಿನ ಮೈಮೇಲೆ ಸ್ಟೀಲ್ ಬೇಡ ಅಂತ ಕೊರೆದಿದೆಯಾ ಅದನ್ನೂ ನೋಡಿ.

ಪೊನ್ನಂಪೇಟೆ_ಕಾಫಿ
ಹಳೇ ಇಂಗ್ಲಿಷ್ ಕೋವಿಗಳಿಗೆ ಸ್ಟೀಲ್ ತೋರಿಸಲೂ ಬಾರದು. ಇದೊಂದು ಮಾತಿಗೆ ನಾನು ಅಕ್ಕನ ಕಡೆ.

ಬಿಟ್_ಬೈಟ್_ಬಳ್ಳಾರಿ
ಬಿಸ್ಮತ್, ಟಂಗ್‌ಸ್ಟನ್ ಯಾಕೆ ಯಾರೂ ಹೇಳುತ್ತಿಲ್ಲ? ಟಂಗ್‌ಸ್ಟನ್ ಚರೆಯ ಸಾಂದ್ರತೆ 18. 9ನೇ ನಂಬರಿನಲ್ಲೂ ಹಕ್ಕಿ ಬೀಳುತ್ತದೆ ಅಂತಾರೆ.

ಅಯೋವಾ_ಗೌಡ
ಬೀಳುತ್ತದೆ. ಜೊತೆಗೆ ನಿಮ್ಮ ಬ್ಯಾಂಕ್ ಬ್ಯಾಲೆನ್ಸೂ ಬೀಳುತ್ತದೆ. ಇವರು ಹೋದ ವರ್ಷ 23 ಸುಟ್ಟವರು. ಅಷ್ಟನ್ನೂ ಟಂಗ್‌ಸ್ಟನ್‌ನಲ್ಲಿ ಸುಟ್ಟಿದ್ದರೆ ಆ ದುಡ್ಡಿಗೆ ಹಾಸನಕ್ಕೆ ಹೋಗಿ ಅಮ್ಮನ ಕೈ ಊಟ ಮಾಡಿ ಬರಬಹುದಿತ್ತು.

ಬಿಸ್ಮತ್ ಮಾತ್ರ ಒಳ್ಳೆಯದು. ಸೀಸಕ್ಕಿಂತ ಸ್ವಲ್ಪ ಹಗುರ, ಮೆತ್ತಗೆ ಇರುತ್ತದೆ. ಸಾಮಾನ್ಯ ಚೋಕಿಗೆ ತೊಂದರೆ ಇಲ್ಲ. 5ನೇ ನಂಬರ್ ಸಾಕು. ಬೆಲೆ ಸ್ಟೀಲಿಗಿಂತ ಜಾಸ್ತಿಯೇ.

ಡಲ್ಲಾಸ್_ಡೆವಲಪರ್
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾನು ಎಚ್‌1ಬಿ. ಗೆಳೆಯರು ಶಿಕಾರಿಗೆ ಕರೆಯುತ್ತಿದ್ದಾರೆ. ಕೋವಿ ಅವರದು, ನಾನು ಸುಮ್ನೆ ಒಂದೆರಡು ಈಡು ಹೊಡೆಯಬಹುದಾ?

ತೀರ್ಥಹಳ್ಳಿ_ಟು_ಮಿನಿಯಾಪೊಲಿಸ್
ಸುಮ್ನೆ ಹೊಡೆಯಬೇಡಿ! ಎಚ್‌1ಬಿಯಂಥ ವೀಸಾದಲ್ಲಿ ಇರುವವರು ಕೋವಿ ಅಥವಾ ತೋಟಾ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಗೆಳೆಯನದಾದರೂ ಕೈಯಲ್ಲಿ ಹಿಡಿದರೆ ಹಿಡಿದ ಹಾಗೆಯೇ. ಒಂದು ವಿನಾಯಿತಿ ಇದೆ, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದರ ತಾರೀಖು ಮುಗಿದ ದಿನ ವಿನಾಯಿತಿಯೂ ಮುಗಿಯಿತು. ವೀಸಾ ವಕೀಲರನ್ನು ಒಂದು ಮಾತು ಕೇಳಿಯೇ ಹೋಗಿ. ಒಂದು ಹುಂಜನಿಗೋಸ್ಕರ ಗ್ರೀನ್ ಕಾರ್ಡ್ ಕಳೆದುಕೊಳ್ಳಬೇಡಿ.

ಡಲ್ಲಾಸ್_ಡೆವಲಪರ್
ಅಯ್ಯೋ. ಕೇಳಿದ್ದು ಒಳ್ಳೆಯದಾಯಿತು. ಥ್ಯಾಂಕ್ಸ್ ಅಣ್ಣ.

ಪೊನ್ನಂಪೇಟೆ_ಕಾಫಿ
ನಮ್ಮಲ್ಲಿ ಈ ತಲೆನೋವು ಇಲ್ಲ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. ಈಗ 2029ರವರೆಗೆ ಮುಂದುವರಿಸಿದ್ದಾರೆ. ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುತ್ತೇವೆ.

ಹುಬ್ಬಳ್ಳಿ_ಮಿರ್ಚಿ
ವಿನಾಯಿತಿ ಕೋವಿಗೆ, ಶಿಕಾರಿಗೆ ಅಲ್ಲ, ಅಲ್ವಾ?

ಪೊನ್ನಂಪೇಟೆ_ಕಾಫಿ
ಹೌದು. ಅದಕ್ಕೇ ತೆಂಗಿನಕಾಯಿ ಹೊಡೆಯುತ್ತಿರುವುದು.

ತೀರ್ಥಹಳ್ಳಿ_ಟು_ಮಿನಿಯಾಪೊಲಿಸ್
ನಮ್ಮಜ್ಜ ಹೇಳುತ್ತಿದ್ದರು, ಹಿಂದೆ ಕಾಡು ಸೋವುವವರು ಒಂದು ಕಡೆಯಿಂದ ಗದ್ದಲ ಮಾಡುತ್ತಾ ಬರುವುದು, ಕೋವಿಯವರು ಇನ್ನೊಂದು ತುದಿಯಲ್ಲಿ ಬಿಲ್ಲಿಗೆ ನಿಲ್ಲುವುದು, ಅಂದರೆ ಕಾದು ನಿಲ್ಲುವುದು ಅಂತ. ಇಲ್ಲಿ ಮೆಕ್ಕೆಜೋಳದ ಹೊಲದಲ್ಲಿ ನಡೆಯುವುದೂ ಅದೇ! ಹತ್ತು ಜನ ಸಾಲಾಗಿ ನಡೆಯುತ್ತಾರೆ, ನಾಲ್ಕು ಜನ ತುದಿಯಲ್ಲಿ ನಿಲ್ಲುತ್ತಾರೆ. ಈ ಹಕ್ಕಿ ಹಾರುವುದಕ್ಕಿಂತ ಓಡುವುದು ಜಾಸ್ತಿ. ಸಾಲಿನ ಸಂದಿಯಲ್ಲಿ ಓಡಿ ಓಡಿ ತುದಿಗೆ ಬಂದು, ದಾರಿ ಇಲ್ಲ ಅಂತ ಗೊತ್ತಾದ ಮೇಲೆ ಒಟ್ಟಿಗೆ ಏಳುತ್ತವೆ. ಆಗ ಮಾತ್ರ ತಲೆ ತಣ್ಣಗಿರಬೇಕು. ಹಕ್ಕಿಯ ಕೆಳಗೆ ಆಕಾಶ ಕಾಣದಿದ್ದರೆ ಹೊಡೆಯಬಾರದು. ಕೆಳಗೆ ನಾಯಿ ಇರುತ್ತದೆ, ಎದುರಿಗೆ ನಿಂತವರು ಇರುತ್ತಾರೆ. ಕಿತ್ತಳೆ ಬಣ್ಣದ ಟೋಪಿ, ಅಂಗಿ ಕಡ್ಡಾಯ ಇರಲಿ, ಇಲ್ಲದಿರಲಿ, ಹಾಕಿಕೊಳ್ಳಿ.

ಬಿಟ್_ಬೈಟ್_ಬಳ್ಳಾರಿ
ನಾಯಿ ಇಲ್ಲದೆ ಆಗುವುದಿಲ್ಲವಾ?

ಅಯೋವಾ_ಗೌಡ
ಆಗುತ್ತದೆ, ಆದರೆ ಬಿದ್ದ ಹಕ್ಕಿ ಸಿಗುವುದಿಲ್ಲ. ನನ್ನ ಲ್ಯಾಬ್ರಡಾರ್ ಹೆಸರು ಬೆಲ್ಲ. ಹೋದ ನವೆಂಬರಿನಲ್ಲಿ ರೆಕ್ಕೆ ಮುರಿದ ಹುಂಜ ಆಪು ಹುಲ್ಲಿನ ಜೌಗಿಗೆ ಓಡಿತು. ನಾವು ಮೂವರು ಇಪ್ಪತ್ತು ನಿಮಿಷ ಹುಡುಕಿ ಕೈ ಚೆಲ್ಲಿದೆವು. ಬೆಲ್ಲ ಎಲ್ಲೋ ಮಾಯ. ಕೂಗಿ ಕೂಗಿ ಗಂಟಲು ಕಟ್ಟಿತು. ಆಮೇಲೆ ಬಂತು, ಮೂಗಿನವರೆಗೆ ಕೆಸರು, ಬಾಯಲ್ಲಿ ಜೀವಂತ ಹುಂಜ. ನನ್ನ ಕೈಗೆ ಕೊಡಲಿಲ್ಲ. ಚೆನ್ನಾಗಿ ಹೊಡೆಯಲು ಬರುವ ನನ್ನ ಭಾವನಿಗೆ ಕೊಟ್ಟಿತು!

ರಾಗಿಮುದ್ದೆ_20ಬೋರ್
😂 ನಾಯಿಗೆ ಎಲ್ಲಾ ಗೊತ್ತು.

ಹಾಸನದವರೇ, ಇನ್ನೊಂದು ಮಾತು. ನಾನು ಹೊಡೆಯುವುದು 20 ಬೋರ್, ಒಂದೇ ಔನ್ಸ್ ಬಿಸ್ಮತ್. 12 ಬೋರಿನ ಗಂಡಸರ ಜೊತೆ ಹೋಗಿ ದಿನಕ್ಕೆ ಅವಕಾಶ ಇರುವಷ್ಟು ಹಕ್ಕಿ ಹೊಡೆದು ಮೊದಲು ಮುಗಿಸಿದ್ದೇನೆ. ನಿಮ್ಮ 23 ತೋಟಾ ಹೋದದ್ದು ಚೋಕಿನಿಂದಲ್ಲ ಅಂತ ನನ್ನ ಅನುಮಾನ. ಹುಂಜನ ಉದ್ದದಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಲವೇ. ಹೊಸಬರ ಕಣ್ಣು ಆ ಬಾಲಕ್ಕೆ ಹೋಗುತ್ತದೆ, ಚರೆಯೂ ಅಲ್ಲಿಗೇ ಹೋಗುತ್ತದೆ. ಅಡ್ಡ ಹಾರುವ ಹಕ್ಕಿ ಇದ್ದರೆ ಚರೆ 30 ಗಜ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಅಷ್ಟರಲ್ಲಿ ಹಕ್ಕಿ ಐದಡಿ ಮುಂದೆ ಹೋಗಿರುತ್ತದೆ. ಕುತ್ತಿಗೆಯ ಬಿಳಿ ಉಂಗುರ ನೋಡಿ, ಅದಕ್ಕಿಂತ ಮುಂದೆ ತೂಗಿ, ಕುದುರೆ ಒತ್ತಿದ ಮೇಲೂ ಕೋವಿ ನಿಲ್ಲಿಸಬೇಡಿ.

ಪೊನ್ನಂಪೇಟೆ_ಕಾಫಿ
ಇದು ನೂರಕ್ಕೆ ನೂರು ಸರಿ. ಆದರೂ ಫುಲ್ ಚೋಕ್ ಬಗ್ಗೆ ನನ್ನ ಮಾತು ಬದಲಿಲ್ಲ.

ತೀರ್ಥಹಳ್ಳಿ_ಟು_ಮಿನಿಯಾಪೊಲಿಸ್
ವಾದ ಯಾಕೆ, ಕಾಗದಕ್ಕೆ ಹೊಡೆದು ನೋಡಲಿ. ನಾಲ್ಕಡಿ ಅಗಲದ ದಪ್ಪ ಕಾಗದದ ಸುರುಳಿ ತನ್ನಿ. ರೇಂಜಿನಲ್ಲಿ 30 ಗಜಕ್ಕೆ ಕಟ್ಟಿ. ಮಧ್ಯೆ ಒಂದು ಚುಕ್ಕೆ ಇಟ್ಟು ಹೊಡೆಯಿರಿ. ವೃತ್ತ ಮೊದಲೇ ಬರೆಯಬೇಡಿ. ಹೊಡೆದ ಮೇಲೆ ತೂತು ಎಲ್ಲಿ ದಟ್ಟವಾಗಿದೆಯೋ ಅಲ್ಲಿ 30 ಇಂಚಿನ ವೃತ್ತ ಎಳೆಯಿರಿ. ಒಂದೇ ಹಾಳೆ ನೋಡಿ ತೀರ್ಮಾನ ಮಾಡಬೇಡಿ, ಒಂದೊಂದು ಚೋಕಿಗೆ ಮೂರಾದರೂ ಬೇಕು. ಬಾಲ ಬಿಟ್ಟರೆ ಹಕ್ಕಿಯ ಮೈ ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು. ರಟ್ಟಿನಲ್ಲಿ ಆ ಆಕಾರ ಕತ್ತರಿಸಿ ಹಾಳೆಯ ಮೇಲೆ ಅಲ್ಲಲ್ಲಿ ಇಟ್ಟು ನೋಡಿ. ಎಲ್ಲಿ ಇಟ್ಟರೂ ನಾಲ್ಕೈದು ತೂತು ಒಳಗೆ ಸಿಗಬೇಕು.

ಪೊನ್ನಂಪೇಟೆ_ಕಾಫಿ
ಕೊನೆಗೂ ತೆಂಗಿನಕಾಯಿಗೇ ಬಂದಿರಿ.

ಮೈಸೂರು_ಮಲ್ಲಿಗೆ_ಅಲ್ಲ
ಎಲ್ಲ ಸರಿ, ಹೊಡೆದ ಮೇಲೆ ಏನು ಮಾಡುತ್ತೀರಿ? ಅಡುಗೆ ಹೇಳದೆ ಹೋಗಬೇಡಿ.

ರಾಗಿಮುದ್ದೆ_20ಬೋರ್
ನಾಟಿ ಕೋಳಿ ಸಾರಿನ ಹಾಗೆಯೇ. ಕೊಬ್ಬೇ ಇಲ್ಲದ ಮಾಂಸ. ಎದೆ ಬೇಗ ಒಣಗುತ್ತದೆ, ಅದನ್ನು ಬೇರೆ ತೆಗೆದು ಕಾಳುಮೆಣಸು ಹಾಕಿ ಹುರಿದುಬಿಡಿ. ತೊಡೆ, ಕಾಲು ಸಾರಿಗೆ. ಕಾಲಿನ ನರ ತಂತಿಯ ಹಾಗೆ ಗಟ್ಟಿ, ಇಕ್ಕಳ ಹಿಡಿದು ಎಳೆದು ತೆಗೆಯಬೇಕು. ಕೊತ್ತಂಬರಿ ಬೀಜ, ಚಕ್ಕೆ, ಲವಂಗ, ಸುಟ್ಟ ಈರುಳ್ಳಿ, ಕೊಬ್ಬರಿ ರುಬ್ಬಿ ಹಾಕಿ. ಮುದ್ದೆ ಇರಲೇಬೇಕು.

ಸ್ಟೀಲ್ ಹೊಡೆದಿದ್ದರೆ ತೊಳೆಯುವಾಗ ಮಾಂಸದ ಮೇಲೆ ಅಯಸ್ಕಾಂತ ಆಡಿಸಿ. ಪುಕ್ಕ ಒಳಗೆ ಹೋಗಿರುವ ಕಡೆಯೆಲ್ಲ ಒಂದು ಚರೆ ಇರುತ್ತದೆ ಅಂತ ತಿಳಿಯಿರಿ. ನನ್ನ ಯಜಮಾನರ ಹಲ್ಲಿನ ಬಿಲ್ಲು ಆ ವರ್ಷದ ಎಲ್ಲ ತೋಟಾಗಿಂತ ಜಾಸ್ತಿ ಬಂತು.

ಪೊನ್ನಂಪೇಟೆ_ಕಾಫಿ
ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಎರಡು ಚಮಚ ಹಾಕಿ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಜೊತೆ. ಬೇರೆ ಮಾತೇ ಇಲ್ಲ.

ಹುಬ್ಬಳ್ಳಿ_ಮಿರ್ಚಿ
ಮುದ್ದೆ, ಕಡಂಬುಟ್ಟು ಬಿಡಿ. ಆ ಹುಂಜ ತಿಂದು ಬೆಳೆದದ್ದೇ ಜೋಳ. ರೊಟ್ಟಿ ಜೊತೆಗೇ ತಿನ್ನಬೇಕು. 😀

ಹಾಸನದ_ಹೈದ
ಕಾಗದಕ್ಕೆ ಹೊಡೆದು ಬಂದೆ. ಬರೆಯದೆ ಇರಲಾಗುತ್ತಿಲ್ಲ.

ಮೊದಲು ಪೊನ್ನಂಪೇಟೆ ಅಣ್ಣನ ಮಾತಿನಂತೆ ಫುಲ್ ಹಾಕಿ ಸೀಸದ 5 ಹೊಡೆದೆ, 30 ಗಜಕ್ಕೆ. ಹಾಳೆಯ ಮಧ್ಯೆ ಊಟದ ತಟ್ಟೆಯಷ್ಟು ಜಾಗ ಜರಡಿ ಆಗಿತ್ತು. ಅದರ ಸುತ್ತ ಬೆರಳೆಣಿಕೆಯ ತೂತು. ಇಂಪ್ರೂವ್ಡ್ ಸಿಲಿಂಡರ್ ಹಾಕಿ ಮೂರು ಹಾಳೆ ಹೊಡೆದೆ. ಹಾಳೆಗಳನ್ನು ಮನೆಗೆ ತಂದು ಹಾಲ್‌ನಲ್ಲಿ ಹಾಸಿ ಎಣಿಸಲು ಕೂತೆ. ಎಣಿಸಿದ ತೂತಿಗೆ ಕೆಂಪು ಸ್ಕೆಚ್ ಪೆನ್ ಚುಕ್ಕೆ. ವೃತ್ತದೊಳಗೆ 151, 148, 157. ನಾನು ಎರಡನೇ ಹಾಳೆಗೆ ಹೋಗುವಷ್ಟರಲ್ಲಿ ಮಗಳು ಮೊದಲನೆಯದರ ಚುಕ್ಕೆಗಳನ್ನು ಸೇರಿಸಿ ರಂಗೋಲಿ ಮಾಡಿಟ್ಟಿದ್ದಳು.

ಸ್ಟೀಲ್ 3 ಅದೇ ಚೋಕಿನಲ್ಲಿ 146. ಅಕ್ಕ ಹೇಳಿದ್ದು ಸರಿ, ಚರೆ ಕಡಿಮೆ ಇದ್ದರೂ ಗುಂಪಾಗಿ ಬಿದ್ದಿದೆ. ರಟ್ಟಿನ ತೆಂಗಿನಕಾಯಿ ಎಲ್ಲಿ ಇಟ್ಟರೂ ಐದಾರು ತೂತು ಒಳಗೆ.

ಒಂದು ವಿಷಯ ಮಾತ್ರ ಯಾರೂ ಹೇಳಿರಲಿಲ್ಲ. ಎಲ್ಲ ಹಾಳೆಯಲ್ಲೂ ಗುಂಪು ಚುಕ್ಕೆಗಿಂತ ಒಂದು ಗೇಣು ಮೇಲೆ ಬಿದ್ದಿತ್ತು. ರೇಂಜಿನ ಅಜ್ಜ ಒಬ್ಬ ನೋಡಿ, ಕೆನ್ನೆ ಹಿಡಿಯ ಮೇಲೆ ಒತ್ತಿ ಕೂರುತ್ತಿಲ್ಲ, ತಲೆ ಎತ್ತುತ್ತಿದ್ದೀಯ ಅಂದ. ಕೆನ್ನೆ ಒತ್ತಿ ಹೊಡೆದೆ. ಚುಕ್ಕೆಯ ಮೇಲೇ ಬಂತು.

ಅಯೋವಾ_ಗೌಡ
23 ತೋಟಾದ ಗುಟ್ಟು ಸಿಕ್ಕಿತು. ಅರ್ಧ ಬಾಲದ ಹಿಂದೆ, ಅರ್ಧ ತಲೆಯ ಮೇಲೆ.

ಪೊನ್ನಂಪೇಟೆ_ಕಾಫಿ
ಊಟದ ತಟ್ಟೆಯಷ್ಟು ಜಾಗ ಜರಡಿ ಅಂದಿರಲ್ಲ. ಅದನ್ನೇ ನಾನು ಹೇಳುತ್ತಿರುವುದು.

ಹಾಸನದ_ಹೈದ
ಮೊದಲ ದಿನ ಮುಗಿಸಿ ಈಗ ಬಂದೆ. ಕೈಯೆಲ್ಲ ಮುಳ್ಳು, ಕಾಲು ಎತ್ತಲಾಗುತ್ತಿಲ್ಲ.

ಬೆಳಿಗ್ಗೆ ಹತ್ತು ಗಂಟೆಗೆ ಮೊದಲು ಹೊಡೆಯುವ ಹಾಗಿಲ್ಲವಲ್ಲ, ಒಂಬತ್ತೂವರೆಗೇ ಹೊಲದ ಬದುವಿನಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆವು. ಮೊದಲು ಎದ್ದದ್ದು ಮೂರು ಹೇಟೆ. ಎಲ್ಲರೂ ಹೇಟೆ ಹೇಟೆ ಅಂತ ಕೂಗಿದರು, ಕೋವಿ ಇಳಿಸಿದೆ. ಆಮೇಲೆ ಹನ್ನೆರಡು ಹೆಜ್ಜೆ ದೂರದಲ್ಲಿ ಹುಂಜ ಎದ್ದಿತು. ಹೋದ ವರ್ಷ ಇಷ್ಟೊತ್ತಿಗೆ ಎರಡೂ ನಳಿಗೆ ಖಾಲಿ ಮಾಡಿರುತ್ತಿದ್ದೆ. ಈ ಸಲ ಮನಸ್ಸಿನಲ್ಲೇ ಒಂದು, ಎರಡು ಎಣಿಸಿದೆ. ಕೆನ್ನೆ ಒತ್ತಿದೆ. ಬಿಳಿ ಉಂಗುರ ಕಾಣಿಸಿತು. ಒಂದೇ ಈಡು. ಸುಮಾರು 25 ಗಜ. ಬಿದ್ದಲ್ಲೇ ಬಿತ್ತು.

ಮಧ್ಯಾಹ್ನ ಸರ್ಕಾರಿ ಜಾಗದಲ್ಲಿ ಇನ್ನೊಂದು, ಸ್ಟೀಲಿನಲ್ಲಿ. ಅದಕ್ಕೆ ಎರಡು ಈಡು ಬೇಕಾಯಿತು. ಒಟ್ಟು ಏಳು ತೋಟಾ, ಎರಡು ಹಕ್ಕಿ. ಮೂರಕ್ಕೆ ಅವಕಾಶ ಇತ್ತು, ಸಾಕು ಅನ್ನಿಸಿತು. ಸಾರು ಒಲೆಯ ಮೇಲಿದೆ. ಎಲ್ಲರಿಗೂ ಥ್ಯಾಂಕ್ಸ್. ಜಯನಗರದ ಸಾರ್, ನಿಮ್ಮ ಮಾತು ಆ ಹಕ್ಕಿ ಕೈಗೆತ್ತಿಕೊಂಡಾಗ ನೆನಪಾಯಿತು. ಮೈ ಇನ್ನೂ ಬಿಸಿ ಇತ್ತು.

ಜಯನಗರ_4ನೇ_ಬ್ಲಾಕ್
ನೆನಪಾಯಿತಲ್ಲ, ಅಷ್ಟು ಸಾಕು.

ಪೊನ್ನಂಪೇಟೆ_ಕಾಫಿ
ಎರಡನೇ ಹಕ್ಕಿ ಯಾವ ನಳಿಗೆಗೆ ಬಿತ್ತು?

ಹಾಸನದ_ಹೈದ
ಮೇಲಿನದಕ್ಕೆ ಅಣ್ಣ. ಮಾಡಿಫೈಡ್.

ಪೊನ್ನಂಪೇಟೆ_ಕಾಫಿ
ನೋಡಿ, ಬಿಗಿ ಇದ್ದದ್ದಕ್ಕೇ ಬಿತ್ತು. ಇನ್ನೂ ಸ್ವಲ್ಪ ಬಿಗಿ ಇದ್ದಿದ್ದರೆ ಮೊದಲನೆಯದರಲ್ಲೇ ಬೀಳುತ್ತಿತ್ತು.

ಅಯೋವಾ_ಗೌಡ
ಇವರನ್ನು ಯಾರಾದರೂ ಹಿಡಿದುಕೊಳ್ಳಿ.